ಇಸ್ಲಾಮಿನಲ್ಲಿ ವಿವಾಹ, ಸ್ತ್ರೀಯರ ಸ್ಥಾನ ಮತ್ತು ಮಾನವ ಹಕ್ಕುಗಳು: ನಾವು ತಿಳಿದಿರಬೇಕಾದ ಸಂಗತಿಗಳು

ಕರಾವಳಿಯಲ್ಲಿ ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಅಕ್ಕಪಕ್ಕದ ಮನೆಗಳಲ್ಲಿ ಬದುಕಿ ಬಂದವರು. ಮೀನು ಮಾರುಕಟ್ಟೆ, ಬಸ್ಸು, ಶಾಲೆ, ಆಸ್ಪತ್ರೆ ಎಲ್ಲ ಕಡೆ ನಮ್ಮ ಭೇಟಿ ನಡೆಯುತ್ತಲೇ ಇರುತ್ತದೆ. ನಮ್ಮ ಧರ್ಮಕೇಂದ್ರಗಳ ಸಾವಿರಾರು ಕುಟುಂಬಗಳ ಅನ್ನ ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಬಂದಿದೆ. ಹಾಗಿದ್ದರೂ ಮುಸ್ಲಿಂ ನೆರೆಯವರ ಮನೆಯೊಳಗಿನ ಬದುಕಿನ ಬಗ್ಗೆ, ಅವರ ಮದುವೆಯ ನಿಯಮಗಳ ಬಗ್ಗೆ ನಮಗೆ ತಿಳಿದಿರುವುದು ಬಹಳ ಕಡಿಮೆ. ತಿಳಿದಿರುವ ಅಲ್ಪಸ್ವಲ್ಪವೂ ಟಿ.ವಿ. ಚರ್ಚೆಗಳಿಂದ ಮತ್ತು ಮೊಬೈಲಿಗೆ ಬರುವ ಸಂದೇಶಗಳಿಂದ ಬಂದದ್ದು. ನಾಲ್ಕು ಮದುವೆ, ಮೂರು ತಲಾಖ್ ಎಂಬ ಎರಡು ಮಾತುಗಳಲ್ಲಿ ಒಂದು ಇಡೀ ಸಮುದಾಯದ ಕೌಟುಂಬಿಕ ಜೀವನವನ್ನು ಅಳೆದುಬಿಡುವ ಅಭ್ಯಾಸ ನಮ್ಮಲ್ಲೂ ಬೆಳೆದಿದೆ.

ಇದರ ಪರಿಣಾಮ ಇಬ್ಬರ ಮೇಲೆ ಆಗುತ್ತದೆ. ಒಂದು, ಒಳ್ಳೆಯ ನೆರೆಯವರ ಮೇಲೆ ನಾವು ಸುಳ್ಳು ಸಾಕ್ಷಿ ಹೇಳಿದಂತಾಗುತ್ತದೆ. ಎರಡು, ನಿಜವಾಗಿಯೂ ಅನ್ಯಾಯಕ್ಕೆ ಒಳಗಾದ ಮುಸ್ಲಿಂ ಸಹೋದರಿಯರ ನೋವು ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಆದುದರಿಂದ ಈ ವಿಷಯವನ್ನು ಶಾಂತವಾಗಿ ನೋಡುವ ಅಗತ್ಯವಿದೆ.

ಹೀಗೆ ನೋಡುವಾಗ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಮೊದಲನೆಯದು, ಕುರ್‌ಆನ್ ಮತ್ತು ಪ್ರವಾದಿ ಮುಹಮ್ಮದರ ನಡೆನುಡಿಯ ಬೋಧನೆ. ಎರಡನೆಯದು, ಆ ಬೋಧನೆಯ ಆಧಾರದಲ್ಲಿ ಶತಮಾನಗಳ ಕಾಲ ವಿದ್ವಾಂಸರು ರೂಪಿಸಿದ ಕಾನೂನು. ಮೂರನೆಯದು, ಸಮಾಜದಲ್ಲಿ ವಾಸ್ತವವಾಗಿ ನಡೆಯುತ್ತಿರುವ ಆಚರಣೆ. ಈ ಮೂರನ್ನೂ ಕಲಸಿಬಿಟ್ಟಾಗ ತಪ್ಪು ತಿಳಿವಳಿಕೆ ಹುಟ್ಟುತ್ತದೆ.

ಸಮಾಜದ ಕುರಿತು ಇಸ್ಲಾಮಿನ ದೃಷ್ಟಿ

ದೇವರು ಆದಮನ ಮಕ್ಕಳೆಲ್ಲರಿಗೂ ಗೌರವ ನೀಡಿದ್ದಾರೆ ಎಂಬುದು ಕುರ್‌ಆನಿನ ಬೋಧನೆಗಳಲ್ಲಿ ಒಂದು. ಜನಾಂಗ ಮತ್ತು ಬುಡಕಟ್ಟುಗಳ ವ್ಯತ್ಯಾಸ ಇರುವುದು ಪರಸ್ಪರ ಅರಿತುಕೊಳ್ಳುವುದಕ್ಕಾಗಿ ಎಂದೂ ಅದು ಕಲಿಸುತ್ತದೆ. ಪ್ರವಾದಿಯವರು ಸ್ವತಃ ಅನಾಥರಾಗಿ ಬೆಳೆದವರು. ಅನಾಥರು, ವಿಧವೆಯರು, ಪ್ರಯಾಣಿಕರು ಮತ್ತು ಸಾಲದಲ್ಲಿ ಸಿಲುಕಿದವರ ಬಗೆಗಿನ ಕಾಳಜಿ ಆ ಧರ್ಮದಲ್ಲಿ ಎದ್ದು ಕಾಣುತ್ತದೆ.

ಇದು ಕೇವಲ ಬೋಧನೆಯಾಗಿ ಉಳಿದಿಲ್ಲ. ಇಸ್ಲಾಮಿನ ಐದು ಸ್ತಂಭಗಳಲ್ಲಿ ಒಂದು ಝಕಾತ್. ನಿಗದಿತ ಮಿತಿಗಿಂತ ಹೆಚ್ಚು ಸಂಪತ್ತು ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಹಣ ಮತ್ತು ಚಿನ್ನದ ಮೇಲೆ ಶೇಕಡಾ 2.5ರಷ್ಟನ್ನು ಕೊಡಲೇಬೇಕು. ಅದನ್ನು ಯಾರಿಗೆ ಕೊಡಬೇಕೆಂಬುದಕ್ಕೆ ಎಂಟು ವರ್ಗಗಳನ್ನು ಕುರ್‌ಆನ್ ಹೆಸರಿಸಿದೆ. ಬಡವರ ಪಾಲು ಶ್ರೀಮಂತರ ಸಂಪತ್ತಿನಲ್ಲೇ ಇದೆ ಎಂಬ ಭಾವನೆ ಇದರ ಹಿಂದಿದೆ. ಬಡ್ಡಿಯನ್ನು ನಿಷೇಧಿಸಿರುವುದಕ್ಕೂ ಇದೇ ಹಿನ್ನೆಲೆ. ಸಮಾಜದ ಅಡಿಪಾಯ ಕುಟುಂಬವೆಂದು ಇಸ್ಲಾಂ ನಂಬುತ್ತದೆ. ವೃದ್ಧ ತಂದೆತಾಯಿಯರ ಸೇವೆಯನ್ನು ದೇವರ ಆರಾಧನೆಯ ಬೆನ್ನಿಗೇ ಇಟ್ಟು ಹೇಳುತ್ತದೆ. ಈ ಮೌಲ್ಯಗಳಲ್ಲಿ ನಮಗೂ ಅವರಿಗೂ ಹೆಚ್ಚಿನ ದೂರವಿಲ್ಲ.

ಶರೀಅತ್ ಒಂದೇ ಪುಸ್ತಕವಲ್ಲ

ಶರೀಅತ್ ಎಂದರೆ ಎಲ್ಲೋ ಅಚ್ಚಾಗಿರುವ ಒಂದು ಕಾನೂನು ಪುಸ್ತಕ ಎಂದು ಅನೇಕರು ಭಾವಿಸುತ್ತಾರೆ. ಕುರ್‌ಆನ್, ಪ್ರವಾದಿಯವರ ನಡೆನುಡಿಯ ದಾಖಲೆಗಳಾದ ಹದೀಸ್‌ಗಳು, ವಿದ್ವಾಂಸರ ಒಮ್ಮತ ಮತ್ತು ಹೋಲಿಕೆಯ ತರ್ಕ ಇವುಗಳಿಂದ ನಿಯಮಗಳನ್ನು ಕಂಡುಕೊಳ್ಳಲಾಗಿದೆ. ಸುನ್ನಿಗಳಲ್ಲಿ ಹನಫಿ, ಮಾಲಿಕಿ, ಶಾಫಿಈ, ಹಂಬಲಿ ಎಂಬ ನಾಲ್ಕು ಪಂಥಗಳಿವೆ. ಶಿಯಾಗಳ ಕಾನೂನು ಬೇರೆ. ಭಾರತದ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಆದರೆ ಅರಬ್ ವರ್ತಕರೊಂದಿಗಿನ ಸಮುದ್ರ ವ್ಯಾಪಾರದ ಸಂಬಂಧದಿಂದಾಗಿ ಕೇರಳದ ಮಾಪ್ಪಿಳ್ಳೆಯರು, ನಮ್ಮ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಈ ಪಂಥವನ್ನು ಅನುಸರಿಸುತ್ತಾರೆ. ಒಂದು ಪಂಥದಲ್ಲಿ ಕಡ್ಡಾಯವಾದದ್ದು ಇನ್ನೊಂದರಲ್ಲಿ ಕಡ್ಡಾಯವಲ್ಲದಿರಬಹುದು. ಮದುವೆಯ ವಿಷಯದಲ್ಲಿ ಇದು ಮುಖ್ಯವಾಗುತ್ತದೆ.

ನಿಕಾಹ್: ಒಪ್ಪಿಗೆ, ಸಾಕ್ಷಿ ಮತ್ತು ಮಹರ್

ಕಥೋಲಿಕರಾದ ನಮಗೆ ವಿವಾಹವು ಪವಿತ್ರ ಸಂಸ್ಕಾರ, ಬಿಡಿಸಲಾಗದ ಬಂಧ. ಇಸ್ಲಾಮಿನಲ್ಲಿ ನಿಕಾಹ್ ಸಂಸ್ಕಾರವಲ್ಲ. ದೇವರ ಸಾಕ್ಷಿಯಲ್ಲಿ ಗಂಡು ಹೆಣ್ಣಿನ ನಡುವೆ ಆಗುವ ಗಂಭೀರ ಒಪ್ಪಂದ. ಒಪ್ಪಂದ ಎಂದ ಮಾತ್ರಕ್ಕೆ ವ್ಯಾಪಾರವೆಂದು ತಿಳಿಯಬಾರದು. ದಂಪತಿಗಳ ನಡುವಿನ ಪ್ರೀತಿ ಮತ್ತು ಕರುಣೆಯನ್ನು ಕುರ್‌ಆನ್ ದೇವರ ಕುರುಹುಗಳಲ್ಲಿ ಒಂದಾಗಿ ಕಾಣುತ್ತದೆ.

ನಿಕಾಹ್ ಸಿಂಧುವಾಗಲು ಒಂದೇ ಸಭೆಯಲ್ಲಿ ಪ್ರಸ್ತಾವ ಮತ್ತು ಸ್ವೀಕಾರ ನಡೆಯಬೇಕು. ಸುನ್ನಿಗಳಲ್ಲಿ ಸಾಕ್ಷಿಗಳು ಬೇಕು. ಹನಫಿ ಪಂಥದಲ್ಲಿ ಪ್ರಾಯಕ್ಕೆ ಬಂದ ಯುವತಿ ತಾನೇ ತನ್ನ ಮದುವೆಯ ಒಪ್ಪಂದ ಮಾಡಿಕೊಳ್ಳಬಹುದು. ಶಾಫಿಈ ಪಂಥದಲ್ಲಿ ವಲಿ, ಅಂದರೆ ತಂದೆ ಅಥವಾ ಹತ್ತಿರದ ಗಂಡು ಬಂಧು, ಅವಳ ಪರವಾಗಿ ಮದುವೆ ಮಾಡಿಕೊಡಬೇಕು. ನಮ್ಮ ಊರಿನ ನಿಕಾಹ್‌ಗಳಲ್ಲಿ ಮದುಮಗಳ ತಂದೆ ಮತ್ತು ಮದುಮಗ ಎದುರುಬದುರು ಕುಳಿತು ಕೈಹಿಡಿದು ಮಾತು ಹೇಳುವುದನ್ನು ಅನೇಕರು ನೋಡಿರಬಹುದು. ಅದಕ್ಕೆ ಕಾರಣ ಇದು.

ಹಾಗಾದರೆ ಹೆಣ್ಣಿನ ಒಪ್ಪಿಗೆ? ಖನ್ಸಾ ಬಿಂತ್ ಖಿದಾಮ್ ಎಂಬ ಮಹಿಳೆಯನ್ನು ಅವರ ತಂದೆ ಇಷ್ಟಕ್ಕೆ ವಿರುದ್ಧವಾಗಿ ಮದುವೆ ಮಾಡಿಕೊಟ್ಟಾಗ ಆಕೆ ಪ್ರವಾದಿಯವರಲ್ಲಿ ದೂರು ಒಯ್ದರು, ಪ್ರವಾದಿಯವರು ಆ ಮದುವೆಯನ್ನು ರದ್ದುಪಡಿಸಿದರು ಎಂದು ಹದೀಸ್‌ಗಳಲ್ಲಿ ದಾಖಲಾಗಿದೆ. ಪ್ರವಾದಿಯವರ ಮೊದಲ ಪತ್ನಿ ಖದೀಜಾ ವ್ಯಾಪಾರ ನಡೆಸುತ್ತಿದ್ದ ವಿಧವೆ, ಮದುವೆಯ ಪ್ರಸ್ತಾವ ಅವರ ಕಡೆಯಿಂದಲೇ ಬಂದಿತ್ತು ಎಂಬುದೂ ಸಂಪ್ರದಾಯ. ಆದರೆ ಮುಂದೆ ಬರೆಯಲ್ಪಟ್ಟ ಕೆಲವು ಕಾನೂನು ಗ್ರಂಥಗಳು ಮೊದಲ ಬಾರಿಗೆ ಮದುವೆಯಾಗುವ ಹೆಣ್ಣಿನ ವಿಷಯದಲ್ಲಿ ತಂದೆಗೆ ಹೆಚ್ಚಿನ ಅಧಿಕಾರ ಕೊಟ್ಟವು. ಮೂಲ ಬೋಧನೆ ಮತ್ತು ನಂತರದ ಕಾನೂನಿನ ನಡುವಿನ ಅಂತರಕ್ಕೆ ಇದೊಂದು ಉದಾಹರಣೆ. ಪರಸ್ಪರ ಒಪ್ಪಿಗೆಯಿಂದಲೇ ಮದುವೆ ಆಗುತ್ತದೆ, ಬೇರಾರೂ ಆ ಒಪ್ಪಿಗೆಯನ್ನು ಕೊಡುವಂತಿಲ್ಲ ಎಂಬುದು ಧರ್ಮಸಭೆಯ ಕಾನೂನು ಕೂಡ. ಆದರೂ ಮನೆಯವರ ಒತ್ತಾಯಕ್ಕೆ ತಲೆಬಾಗಿ ಪೀಠದ ಮುಂದೆ ಬಂದು ನಿಂತವರು ನಮ್ಮಲ್ಲೂ ಇದ್ದಾರೆ.

ಮಹರ್ ಎಂಬುದು ಮದುಮಗನು ಮದುಮಗಳಿಗೆ ಕೊಡಬೇಕಾದ ಧನ. ಅದು ಆಕೆಯ ತಂದೆಗೆ ಸಲ್ಲುವ ಹಣವಲ್ಲ, ಹೆಣ್ಣಿನ ಬೆಲೆಯೂ ಅಲ್ಲ. ಪೂರ್ತಿಯಾಗಿ ಆಕೆಯ ಸ್ವಂತ ಸೊತ್ತು. ಮದುವೆಯ ನಂತರವೂ ಹೆಂಡತಿಯ ಆಸ್ತಿ ಹೆಂಡತಿಯದೇ ಆಗಿರುತ್ತದೆ. ಹೀಗಿರುವಾಗ ವರದಕ್ಷಿಣೆಗೆ ಇಸ್ಲಾಮಿನಲ್ಲಿ ಆಧಾರವೇ ಇಲ್ಲ. ಭಾರತದ 1961ರ ವರದಕ್ಷಿಣೆ ನಿಷೇಧ ಕಾಯಿದೆಯೂ ಮಹರನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೂ ವರದಕ್ಷಿಣೆಯ ಪಿಡುಗು ಮುಸ್ಲಿಂ ಸಮಾಜವನ್ನೂ ಬಿಟ್ಟಿಲ್ಲ. ಚಿನ್ನ ಮತ್ತು ನಗದಿನ ಬೇಡಿಕೆಯ ಮುಂದೆ ಮಹರ್ ಹೆಸರಿಗೆ ಮಾತ್ರ ಉಳಿದ ಮನೆಗಳಿವೆ. ಕರಾವಳಿಯ ಅನೇಕ ಜಮಾಅತ್‌ಗಳು ಮತ್ತು ಮುಸ್ಲಿಂ ಸಂಘಟನೆಗಳು ಬಡ ಯುವತಿಯರಿಗಾಗಿ ಸಾಮೂಹಿಕ ವಿವಾಹಗಳನ್ನು ನಡೆಸುತ್ತಿರುವುದಕ್ಕೆ ಈ ಪಿಡುಗೂ ಒಂದು ಕಾರಣ. ಈ ಕಾಯಿಲೆ ಕರಾವಳಿಯ ಎಲ್ಲ ಸಮುದಾಯಗಳ ಕಾಯಿಲೆಯೆಂಬುದನ್ನು ನಾವು ಮರೆಯಬಾರದು.

ಬಹುಪತ್ನಿತ್ವದ ಪ್ರಶ್ನೆ

ಗಂಡಸು ನಾಲ್ವರವರೆಗೆ ಮದುವೆಯಾಗಲು ಕುರ್‌ಆನ್ ಅನುಮತಿ ನೀಡಿದೆ. ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಅನೇಕರು ಮಡಿದು ವಿಧವೆಯರು, ಅನಾಥರು ಉಳಿದ ಸಂದರ್ಭದೊಂದಿಗೆ ವ್ಯಾಖ್ಯಾನಕಾರರು ಈ ಅನುಮತಿಯನ್ನು ಜೋಡಿಸುತ್ತಾರೆ. ಎಲ್ಲರಿಗೂ ಸಮಾನ ನ್ಯಾಯ ಕೊಡಬೇಕು, ಕೊಡಲಾಗದೆಂಬ ಭಯವಿದ್ದರೆ ಒಬ್ಬಳೇ ಸಾಕು ಎಂಬ ಷರತ್ತು ಅಲ್ಲಿಯೇ ಇದೆ. ಪತ್ನಿಯರ ನಡುವೆ ಪೂರ್ಣ ನ್ಯಾಯ ಪಾಲಿಸುವುದು ಮನುಷ್ಯರಿಂದ ಆಗದು ಎಂಬ ಮಾತು ಅದೇ ಅಧ್ಯಾಯದಲ್ಲಿ ಮುಂದೆ ಬರುತ್ತದೆ.

ಈ ಎರಡು ಮಾತುಗಳನ್ನು ಒಟ್ಟಿಗೆ ಓದಿದ ಸುಧಾರಕರು ಏಕಪತ್ನಿತ್ವವೇ ಇಸ್ಲಾಮಿನ ಗುರಿ ಎಂದು ವಾದಿಸಿದ್ದಾರೆ. ಟ್ಯುನೀಸಿಯಾ 1956ರಲ್ಲೇ ಬಹುಪತ್ನಿತ್ವವನ್ನು ನಿಷೇಧಿಸಿತು. ಪಾಕಿಸ್ತಾನದ 1961ರ ಕಾನೂನಿನಂತೆ ಎರಡನೇ ಮದುವೆಗೆ ಮಧ್ಯಸ್ಥಿಕೆ ಮಂಡಳಿಯ ಅನುಮತಿ ಬೇಕು. ಮೊರಾಕ್ಕೊ 2004ರಲ್ಲಿ ನ್ಯಾಯಾಧೀಶರ ಅನುಮತಿಯನ್ನು ಕಡ್ಡಾಯಗೊಳಿಸಿತು, ಮದುವೆಯ ವಯಸ್ಸನ್ನು ಇಬ್ಬರಿಗೂ 18 ಎಂದು ನಿಗದಿಪಡಿಸಿತು, ಕುಟುಂಬದ ಹೊಣೆ ಗಂಡ ಹೆಂಡತಿ ಇಬ್ಬರದೂ ಎಂದು ಸಾರಿತು. ಭಾರತದಲ್ಲಿ 1937ರ ಶರೀಅತ್ ಕಾಯಿದೆಯ ಮೂಲಕ ಮುಸ್ಲಿಂ ವೈಯಕ್ತಿಕ ಕಾನೂನು ಅನ್ವಯವಾಗುತ್ತಿದ್ದು ಈ ವಿಷಯದಲ್ಲಿ ಅದಕ್ಕೆ ಅಂತಹ ತಿದ್ದುಪಡಿ ಆಗಿಲ್ಲ. ಮುಸ್ಲಿಂ ರಾಷ್ಟ್ರಗಳೇ ಒಂದು ದಾರಿಯಲ್ಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ತಲಾಖ್: ನಿಯಮ ಏನು, ನಡೆದದ್ದೇನು

ವಿಚ್ಛೇದನಕ್ಕೆ ಅವಕಾಶವಿದ್ದರೂ ಅದು ದೇವರಿಗೆ ಅಪ್ರಿಯವಾದದ್ದು ಎಂಬ ಭಾವನೆ ಮುಸ್ಲಿಮರಲ್ಲಿ ಗಾಢವಾಗಿದೆ. ಕುರ್‌ಆನ್ ತೋರಿಸುವ ದಾರಿ ಹೀಗಿದೆ. ಜಗಳ ಬಂದಾಗ ಗಂಡನ ಕಡೆಯಿಂದ ಒಬ್ಬರು, ಹೆಂಡತಿಯ ಕಡೆಯಿಂದ ಒಬ್ಬರು ಮಧ್ಯಸ್ಥರಾಗಿ ಕುಳಿತು ರಾಜಿಗೆ ಯತ್ನಿಸಬೇಕು. ಆಗದಿದ್ದರೆ ಒಮ್ಮೆ ತಲಾಖ್ ಹೇಳಬಹುದು. ಆಮೇಲೆ ಸುಮಾರು ಮೂರು ತಿಂಗಳ ಕಾಯುವ ಅವಧಿ, ಇದ್ದತ್. ಈ ಅವಧಿಯಲ್ಲಿ ಹೆಂಡತಿಯನ್ನು ಮನೆಯಿಂದ ಹೊರಗಟ್ಟುವಂತಿಲ್ಲ, ಮತ್ತೆ ಒಂದಾಗಲು ಅವಕಾಶವಿದೆ. ಹೀಗೆ ಎರಡು ಬಾರಿ ಹಿಂದಿರುಗುವ ದಾರಿ ತೆರೆದಿರುತ್ತದೆ. ಮೂರನೆಯದು ಕೊನೆಯದು.

ಒಂದೇ ಉಸಿರಿನಲ್ಲಿ ಮೂರು ಬಾರಿ ತಲಾಖ್ ಹೇಳಿ ಮುಗಿಸುವ ಪದ್ಧತಿಗೆ ತಲಾಖ್ ಎ ಬಿದ್ಅತ್ ಎಂಬ ಹೆಸರು. ಬಿದ್ಅತ್ ಎಂದರೆ ಹೊಸದಾಗಿ ಸೇರಿಸಿಕೊಂಡದ್ದು ಎಂದರ್ಥ. ಈ ಹೆಸರೇ ಅದರ ಮೇಲಿನ ಟೀಕೆಯಾಗಿದೆ. ಅದನ್ನು ಪಾಪವೆಂದು ಹೇಳುತ್ತಲೇ ಕಾನೂನಿನಂತೆ ಊರ್ಜಿತ ಎಂದು ಸುನ್ನಿ ಪಂಥಗಳ ಹೆಚ್ಚಿನ ವಿದ್ವಾಂಸರು ಒಪ್ಪಿಕೊಂಡು ಬಂದರು. ಶಿಯಾಗಳು ಮತ್ತು ಅಹ್ಲೆ ಹದೀಸ್ ಪಂಗಡದವರು ಒಪ್ಪಲಿಲ್ಲ. ಕೋಪದ ಒಂದು ಕ್ಷಣದಲ್ಲಿ, ಕಾಗದದಲ್ಲಿ, ಆಮೇಲೆ ಫೋನಿನಲ್ಲಿ ಸಂಸಾರಗಳು ಮುರಿದದ್ದು ಇದರಿಂದಾಗಿ.

ಹೆಣ್ಣಿಗೂ ದಾರಿಗಳಿವೆ. ಮಹರನ್ನು ಹಿಂತಿರುಗಿಸಿ ಬಿಡುಗಡೆ ಕೇಳುವುದು ಖುಲಾ. ತನಗೆ ತಲಾಖ್‌ನ ಅಧಿಕಾರ ಇರಬೇಕೆಂದು ನಿಕಾಹ್ ಒಪ್ಪಂದದಲ್ಲೇ ಷರತ್ತು ಹಾಕಿಕೊಳ್ಳಲೂ ಅವಕಾಶವಿದೆ. ಭಾರತದ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯಿದೆಯಂತೆ ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಕ್ರೌರ್ಯ ತೋರಿದರೆ ಪತ್ನಿ ನ್ಯಾಯಾಲಯದಿಂದ ವಿಚ್ಛೇದನ ಪಡೆಯಬಹುದು. ಆದರೆ ಓದು ಮತ್ತು ಹಣಬಲವಿಲ್ಲದ ಮಹಿಳೆಗೆ ಈ ದಾರಿಗಳ ಪರಿಚಯವೇ ಇರುವುದಿಲ್ಲ. ಗಂಡನಿಗೆ ಮೂರು ಮಾತು ಸಾಕಾಗಿದ್ದ ಕಾಲದಲ್ಲಿ ಹೆಂಡತಿ ವರ್ಷಗಟ್ಟಲೆ ನ್ಯಾಯಾಲಯ ಸುತ್ತಬೇಕಾಗಿತ್ತು.

ಶಾ ಬಾನೋರಿಂದ ಶಾಯರಾ ಬಾನೋವರೆಗೆ

ಇಂದೋರಿನ ಶಾ ಬಾನೋ ಅವರ ಮದುವೆ 1932ರಲ್ಲಿ ಆಗಿತ್ತು. ವಕೀಲರಾಗಿದ್ದ ಪತಿ 1975ರಲ್ಲಿ ಮನೆಯಿಂದ ಹೊರಹಾಕಿದರು, 1978ರಲ್ಲಿ ತಲಾಖ್ ನೀಡಿದರು. ಐದು ಮಕ್ಕಳ ತಾಯಿಯಾದ ಆಕೆಗೆ ಆಗ 62 ವರ್ಷ. ಹೈಕೋರ್ಟ್ ಗೊತ್ತುಪಡಿಸಿದ ಜೀವನಾಂಶ ತಿಂಗಳಿಗೆ 179 ರೂಪಾಯಿ 20 ಪೈಸೆ. ಅದನ್ನೂ ಕೊಡಲೊಪ್ಪದೆ ಪತಿ ಸುಪ್ರೀಂ ಕೋರ್ಟಿಗೆ ಹೋದರು. 1985ರ ಏಪ್ರಿಲ್ 23ರಂದು ನ್ಯಾಯಾಲಯವು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಲ್ಲ ಧರ್ಮದ ಮಹಿಳೆಯರಿಗೂ ಅನ್ವಯವೆಂದು ಹೇಳಿ ಆಕೆಯ ಪರ ತೀರ್ಪಿತ್ತಿತು. ದೇಶದಲ್ಲಿ ದೊಡ್ಡ ವಿವಾದವೆದ್ದಿತು. ರಾಜೀವ್ ಗಾಂಧಿ ಸರಕಾರ 1986ರಲ್ಲಿ ಹೊಸ ಕಾಯಿದೆ ತಂದು ಗಂಡನ ಹೊಣೆಯನ್ನು ಇದ್ದತ್ ಅವಧಿಗೆ ಸೀಮಿತಗೊಳಿಸಿದಂತೆ ಕಂಡಿತು.

ಶಾ ಬಾನೋ ಅವರ ಪರ ವಾದಿಸಿದ್ದ ಡ್ಯಾನಿಯಲ್ ಲತೀಫಿ ಅವರೇ ಆ ಕಾಯಿದೆಯನ್ನು ಪ್ರಶ್ನಿಸಿದರು. 2001ರಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಉಳಿಸಿತು, ಆದರೆ ಅದಕ್ಕೆ ಬೇರೆಯೇ ಅರ್ಥ ಕೊಟ್ಟಿತು. ವಿಚ್ಛೇದಿತೆಯ ಮುಂದಿನ ಜೀವನಕ್ಕೂ ಸಾಕಾಗುವಷ್ಟು ನ್ಯಾಯಯುತ ಏರ್ಪಾಡನ್ನು ಗಂಡನು ಇದ್ದತ್ ಅವಧಿಯೊಳಗೆ ಮಾಡಿಕೊಡಬೇಕು ಎಂದಿತು. 2002ರ ಶಮೀಮ್ ಆರಾ ಪ್ರಕರಣದಲ್ಲಿ, ಸಕಾರಣವಿಲ್ಲದ ಮತ್ತು ರಾಜಿ ಪ್ರಯತ್ನ ನಡೆಯದ ತಲಾಖ್ ಊರ್ಜಿತವಲ್ಲ ಎಂದಿತು. 2024ರ ಜುಲೈ 10ರಂದು, ವಿಚ್ಛೇದಿತ ಮುಸ್ಲಿಂ ಮಹಿಳೆ 125ನೇ ಕಲಮಿನಡಿ ಕೂಡ ಜೀವನಾಂಶ ಕೇಳಬಹುದೆಂದು ಸ್ಪಷ್ಟಪಡಿಸಿತು.

ಉತ್ತರಾಖಂಡದ ಕಾಶಿಪುರದ ಶಾಯರಾ ಬಾನೋ ಅವರಿಗೆ 2015ರಲ್ಲಿ ಕಾಗದದ ಮೂಲಕ ತ್ರಿವಳಿ ತಲಾಖ್ ಬಂದಿತು. ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2007ರಲ್ಲಿ ಆರಂಭವಾದ ಭಾರತೀಯ ಮುಸ್ಲಿಂ ಮಹಿಳಾ ಆಂದೋಲನವೂ ಅವರೊಂದಿಗೆ ನಿಂತಿತು. ವಿಚಾರಣೆ ನಡೆಸಿದ ಐವರು ನ್ಯಾಯಮೂರ್ತಿಗಳು ಐದು ಬೇರೆಬೇರೆ ಧರ್ಮದವರಾಗಿದ್ದರು. 2017ರ ಆಗಸ್ಟ್ 22ರಂದು 3-2 ಬಹುಮತದಿಂದ ತ್ರಿವಳಿ ತಲಾಖ್ ಅಸಿಂಧುವಾಯಿತು. ಬಹುಮತದ ಮೂವರಲ್ಲಿ ಒಬ್ಬರಾದ ಕೇರಳದ ಕ್ರೈಸ್ತ ನ್ಯಾಯಮೂರ್ತಿ ಕುರಿಯನ್ ಜೋಸೆಫ್, ಈ ಪದ್ಧತಿ ಕುರ್‌ಆನಿಗೇ ವಿರುದ್ಧವೆಂದು ಇಸ್ಲಾಮಿನ ಮೂಲದಿಂದಲೇ ವಾದಿಸಿದರು. ನಮ್ಮ ಮೂಡುಬಿದಿರೆ ಸಮೀಪದ ಬೆಳುವಾಯಿಯವರಾದ ನ್ಯಾಯಮೂರ್ತಿ ಅಬ್ದುಲ್ ನಝೀರ್ ಅವರು ಮುಖ್ಯ ನ್ಯಾಯಮೂರ್ತಿ ಖೇಹರ್ ಅವರೊಂದಿಗೆ ಅಲ್ಪಮತದಲ್ಲಿದ್ದರು. ವೈಯಕ್ತಿಕ ಕಾನೂನು ಧಾರ್ಮಿಕ ಸ್ವಾತಂತ್ರ್ಯದ ಭಾಗ, ಅದನ್ನು ಬದಲಿಸುವುದಾದರೆ ಶಾಸಕಾಂಗವೇ ಬದಲಿಸಬೇಕು ಎಂಬುದು ಅವರಿಬ್ಬರ ನಿಲುವು.

2019ರಲ್ಲಿ ಸಂಸತ್ತು ತ್ರಿವಳಿ ತಲಾಖನ್ನು ಮೂರು ವರ್ಷಗಳವರೆಗೆ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧವನ್ನಾಗಿ ಮಾಡಿತು. ಇದನ್ನು ಸ್ವಾಗತಿಸಿದ ಮುಸ್ಲಿಂ ಮಹಿಳೆಯರಿದ್ದಾರೆ. ಗಂಡ ಜೈಲಿಗೆ ಹೋದರೆ ಜೀವನಾಂಶ ಕೊಡುವವರು ಯಾರು, ಬೇರೆ ಧರ್ಮದವರು ಹೆಂಡತಿಯನ್ನು ತೊರೆದರೆ ಇಲ್ಲದ ಜೈಲು ಮುಸ್ಲಿಮರಿಗೆ ಮಾತ್ರ ಏಕೆ ಎಂದು ಕೇಳಿದವರೂ ಇದ್ದಾರೆ. ಎರಡೂ ಮಾತುಗಳಲ್ಲಿ ತೂಕವಿದೆ.

ಕನ್ನಡದಲ್ಲಿ ಎದ್ದ ದನಿ

ನ್ಯಾಯಾಲಯ ಮಾತನಾಡುವ ಬಹಳ ಮೊದಲೇ ನಮ್ಮ ಕರಾವಳಿಯಿಂದ ಈ ದನಿ ಎದ್ದಿತ್ತು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ್ದ ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ತಂದೆ ಮತ್ತು ಗಂಡನ ನಡುವೆ ಸಿಕ್ಕಿ, ತಲಾಖ್ ಪದ್ಧತಿಯಿಂದ ನಲುಗಿದ ನಾದಿರಾಳ ಬದುಕನ್ನು ಬರೆದರು. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಬಂತು. 2023ರ ಜನವರಿಯಲ್ಲಿ ಅವರು ನಿಧನರಾದರು. ವಕೀಲರೂ ಆದ ಹಾಸನದ ಬಾನು ಮುಷ್ತಾಕ್ ಅವರು ಇದೇ ನೋವುಗಳನ್ನು ಕಥೆಗಳಲ್ಲಿ ಬರೆದರು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಅನುವಾದಿಸಿದ ಆ ಕಥೆಗಳ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಮುಸ್ಲಿಂ ಮಹಿಳೆಯರನ್ನು ಹೊರಗಿನವರು ಬಂದು ಉದ್ಧರಿಸಬೇಕು ಎಂದು ತಿಳಿದವರು ಇವರನ್ನು ಓದಬೇಕು. ಸುಧಾರಣೆಯ ಬೀಜ ಆ ಸಮುದಾಯದ ಒಳಗೇ ಇದೆ.

ನಮ್ಮ ಇತಿಹಾಸವನ್ನೂ ಇಲ್ಲಿ ನೆನೆಯುವುದು ಒಳ್ಳೆಯದು. ಭಾರತದ ಕ್ರೈಸ್ತರಿಗೆ ಅನ್ವಯವಾಗುವ 1869ರ ವಿಚ್ಛೇದನ ಕಾಯಿದೆಯಲ್ಲಿ ಗಂಡನಿಗೆ ಪತ್ನಿಯ ವ್ಯಭಿಚಾರವೊಂದೇ ಸಾಕಾಗಿತ್ತು. ಹೆಂಡತಿ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯ ಅಥವಾ ತ್ಯಜಿಸಿದ್ದನ್ನೂ ರುಜುಪಡಿಸಬೇಕಿತ್ತು. ಈ ತಾರತಮ್ಯ ಹೋದದ್ದು 2001ರಲ್ಲಿ. ಕೇರಳದ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಸಮಪಾಲು ದೊರೆತದ್ದು ಮೇರಿ ರಾಯ್ ಅವರು ಹೋರಾಡಿ ಗೆದ್ದ 1986ರ ತೀರ್ಪಿನಿಂದ.

ಮಾನವ ಹಕ್ಕುಗಳು: ಒಮ್ಮತ ಮತ್ತು ಭಿನ್ನಮತ

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ ಸೌದಿ ಅರೇಬಿಯಾ ಮತ ಹಾಕದೆ ದೂರ ಉಳಿಯಿತು. ಮದುವೆಯಲ್ಲಿ ಸಮಾನತೆ ಮತ್ತು ಧರ್ಮ ಬದಲಿಸುವ ಹಕ್ಕು ಅದಕ್ಕೆ ಒಪ್ಪಿಗೆಯಾಗಿರಲಿಲ್ಲ. ಆದರೆ ಪಾಕಿಸ್ತಾನ ಅದೇ ಘೋಷಣೆಯ ಪರ ಮತ ಹಾಕಿತು. ಅದರ ಪ್ರತಿನಿಧಿ ಶಾಯಿಸ್ತಾ ಇಕ್ರಾಮುಲ್ಲಾ ಅವರು ಮದುವೆಯಲ್ಲಿ ಸ್ತ್ರೀಪುರುಷರ ಹಕ್ಕಿನ ಕುರಿತ ವಿಧಿಯನ್ನು ಸಮರ್ಥಿಸಿದರು. ಇಸ್ಲಾಂ ಮತ್ತು ಮಾನವ ಹಕ್ಕು ಎಂದರೆ ಒಂದೇ ಅಭಿಪ್ರಾಯವಿದೆ ಎಂದು ಹೇಳಲು ಅಂದೂ ಸಾಧ್ಯವಿರಲಿಲ್ಲ.

1990ರಲ್ಲಿ ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆ ಕೈರೋದಲ್ಲಿ ತನ್ನದೇ ಘೋಷಣೆ ಹೊರಡಿಸಿತು. ಮಾನವ ಘನತೆ, ಜೀವದ ಹಕ್ಕು, ಹೆಣ್ಣಿನ ಸ್ವಂತ ಆಸ್ತಿಯ ಹಕ್ಕು ಎಲ್ಲವೂ ಅದರಲ್ಲಿವೆ. ಆದರೆ ಎಲ್ಲ ಹಕ್ಕುಗಳೂ ಶರೀಅತ್‌ಗೆ ಅಧೀನ ಎಂದು ಕೊನೆಗೆ ಸೇರಿಸಲಾಯಿತು. ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ಆಸ್ತಿಯಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ, ಧರ್ಮ ತ್ಯಜಿಸುವ ಸ್ವಾತಂತ್ರ್ಯದ ಪ್ರಶ್ನೆ, ಮುಸ್ಲಿಂ ಬಹುಸಂಖ್ಯಾತ ನಾಡುಗಳಲ್ಲಿ ಅಲ್ಪಸಂಖ್ಯಾತರ ಸ್ಥಿತಿ ಇವುಗಳನ್ನು ಸೌಹಾರ್ದದ ಹೆಸರಿನಲ್ಲಿ ಮುಚ್ಚಿಡಬೇಕಾಗಿಲ್ಲ. ಪಾಕಿಸ್ತಾನದ ಕಥೋಲಿಕ ಕೂಲಿ ಮಹಿಳೆ ಆಸಿಯಾ ಬೀಬಿಗೆ 2010ರಲ್ಲಿ ಧರ್ಮನಿಂದೆಯ ಆರೋಪದಲ್ಲಿ ಮರಣದಂಡನೆ ವಿಧಿಸಲಾಯಿತು. ಆಕೆಯ ಪರ ನಿಂತ ಕಥೋಲಿಕ ಸಚಿವ ಶಹಬಾಜ್ ಭಟ್ಟಿ 2011ರ ಮಾರ್ಚ್‌ನಲ್ಲಿ ಕೊಲೆಯಾದರು. ಅವರಿಗಿಂತ ಎರಡು ತಿಂಗಳು ಮೊದಲು ಅದೇ ಕಾರಣಕ್ಕೆ ಪ್ರಾಣ ತೆತ್ತವರು ಪಂಜಾಬ್ ಪ್ರಾಂತ್ಯದ ಗವರ್ನರ್ ಸಲ್ಮಾನ್ ತಸೀರ್, ಒಬ್ಬ ಮುಸ್ಲಿಂ. 2018ರಲ್ಲಿ ಜೀವಬೆದರಿಕೆಗಳ ನಡುವೆಯೂ ಆಕೆಯನ್ನು ಖುಲಾಸೆಗೊಳಿಸಿದವರು ಆ ದೇಶದ ಸುಪ್ರೀಂ ಕೋರ್ಟಿನ ಮುಸ್ಲಿಂ ನ್ಯಾಯಮೂರ್ತಿಗಳೇ.

2016ರಲ್ಲಿ ಮೊರಾಕ್ಕೊದ ಮರ್ರಾಕೆಶ್‌ನಲ್ಲಿ ಸೇರಿದ ಮುಸ್ಲಿಂ ವಿದ್ವಾಂಸರು, ಪ್ರವಾದಿಯವರು ಮದೀನಾದಲ್ಲಿ ಮಾಡಿಕೊಂಡ ಒಪ್ಪಂದವನ್ನು ಆಧಾರವಾಗಿಟ್ಟು ಅಲ್ಪಸಂಖ್ಯಾತರ ಹಕ್ಕುಗಳನ್ನು ಎತ್ತಿಹಿಡಿದರು. 2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಜಗದ್ಗುರು ಪೋಪ್ ಫ್ರಾನ್ಸಿಸ್ ಮತ್ತು ಅಲ್ ಅಝರ್‌ನ ಮಹಾ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಅವರು ಮಾನವ ಭ್ರಾತೃತ್ವದ ದಾಖಲೆಗೆ ಸಹಿ ಹಾಕಿದರು. ಪೂರ್ಣ ಪೌರತ್ವ, ಧರ್ಮ ಸ್ವಾತಂತ್ರ್ಯ, ಹೆಣ್ಣಿನ ಶಿಕ್ಷಣ ಮತ್ತು ಉದ್ಯೋಗದ ಹಕ್ಕು ಅದರಲ್ಲಿ ಸೇರಿವೆ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಮುಸ್ಲಿಮರನ್ನು ಗೌರವದಿಂದ ಕಾಣಲು ಮತ್ತು ಸಾಮಾಜಿಕ ನ್ಯಾಯಕ್ಕಾಗಿ ಅವರೊಂದಿಗೆ ದುಡಿಯಲು ಕರೆಕೊಟ್ಟ ದಾರಿಯ ಮುಂದುವರಿಕೆ ಇದು.

ಅಂತರ್ ಧರ್ಮೀಯ ವಿವಾಹ: ತಿಳಿದು ಹೆಜ್ಜೆಯಿಡಿ

ಕ್ರೈಸ್ತ ಮತ್ತು ಮುಸ್ಲಿಂ ಯುವಜನರ ನಡುವೆ ಮದುವೆಯ ಮಾತು ಬಂದಾಗ ಮನೆಗಳಲ್ಲಿ ಭಯ, ಸಿಟ್ಟು, ಕಣ್ಣೀರು ತುಂಬುತ್ತದೆ. ಇಂತಹ ಸಂದರ್ಭದಲ್ಲಿ ಗುರಿಕಾರರು ಮತ್ತು ಕುಟುಂಬ ಆಯೋಗದ ಕಾರ್ಯಕರ್ತರಿಗೆ ಕೆಲವು ವಿಷಯಗಳು ತಿಳಿದಿರಬೇಕು.

ಸಾಂಪ್ರದಾಯಿಕ ಇಸ್ಲಾಮಿಕ್ ಕಾನೂನಿನಂತೆ ಮುಸ್ಲಿಂ ಪುರುಷ ಕ್ರೈಸ್ತ ಅಥವಾ ಯಹೂದಿ ಮಹಿಳೆಯನ್ನು ಮದುವೆಯಾಗಬಹುದು. ಮುಸ್ಲಿಂ ಮಹಿಳೆ ಮುಸ್ಲಿಮೇತರನನ್ನು ಮದುವೆಯಾಗುವುದಕ್ಕೆ ಒಪ್ಪಿಗೆಯಿಲ್ಲ. ಮಕ್ಕಳು ಮುಸ್ಲಿಮರಾಗಿ ಬೆಳೆಯಬೇಕೆಂಬುದು ಅಲ್ಲಿಯ ನಿರೀಕ್ಷೆ. ನಮ್ಮ ಧರ್ಮಸಭೆಯ ಕಾನೂನಿನಂತೆ ಇಂತಹ ಮದುವೆಗೆ ಧರ್ಮಾಧ್ಯಕ್ಷರಿಂದ ವಿನಾಯಿತಿ ಬೇಕು. ಕಥೋಲಿಕ ವ್ಯಕ್ತಿ ತನ್ನ ವಿಶ್ವಾಸವನ್ನು ಕಾಪಾಡಿಕೊಳ್ಳುವ ಮತ್ತು ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ತನ್ನಿಂದಾದಷ್ಟು ಶ್ರಮಿಸುವ ಮಾತು ಕೊಡಬೇಕು, ಅದು ಇನ್ನೊಬ್ಬರಿಗೂ ತಿಳಿದಿರಬೇಕು. ಎರಡು ಕಡೆಯ ನಿರೀಕ್ಷೆಗಳು ನೇರವಾಗಿ ಎದುರಾಗುವುದು ಈ ಒಂದು ವಿಷಯದಲ್ಲಿ. ಮಗು ಹುಟ್ಟಿದ ಮೇಲೆ ಮಾತಾಡೋಣ ಎಂದು ಮುಂದೂಡಿದ ಸಂಸಾರಗಳು ಕಷ್ಟಕ್ಕೆ ಸಿಲುಕುತ್ತವೆ. ಇಗರ್ಜಿಯ ವಿವಾಹದ ಹಿಂದೆ ಅಥವಾ ಮುಂದೆ ಒಪ್ಪಿಗೆಯ ಮಾತನ್ನು ಮತ್ತೆ ಹೇಳಿಸುವ ಬೇರೊಂದು ಧಾರ್ಮಿಕ ವಿಧಿಗೆ ಅವಕಾಶವಿಲ್ಲ ಎಂಬುದನ್ನೂ ತಿಳಿಸಬೇಕು.

ಮತಾಂತರವಾಗದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯಿದೆ ಇದೆ. ಅದಕ್ಕೆ 30 ದಿನಗಳ ನೋಟಿಸು ಬೇಕು. ಮುಸ್ಲಿಂ ಉತ್ತರಾಧಿಕಾರ ನಿಯಮದಲ್ಲಿ ಮುಸ್ಲಿಮೇತರ ಪತ್ನಿಗೆ ಗಂಡನ ಆಸ್ತಿಯಲ್ಲಿ ಪಾಲಿಲ್ಲ. ವಿಶೇಷ ವಿವಾಹ ಕಾಯಿದೆಯಡಿ ಆದ ಇಂತಹ ಮದುವೆಗೆ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯವಾಗುವುದರಿಂದ ಪತ್ನಿಯ ಹಕ್ಕು ಉಳಿಯುತ್ತದೆ. ಪ್ರಾಯಕ್ಕೆ ಬಂದ ಇಬ್ಬರ ನಿರ್ಧಾರವನ್ನು ಬೆದರಿಸಿ ತಡೆಯಲು ಯಾರಿಗೂ ಹಕ್ಕಿಲ್ಲ. ಆದರೆ ಮುಂದೆ ಬರಲಿರುವುದನ್ನು ಪ್ರೀತಿಯಿಂದ, ಪೂರ್ತಿಯಾಗಿ ತಿಳಿಸುವ ಕರ್ತವ್ಯ ನಮ್ಮದು.

ನಾವೇನು ಮಾಡಬಹುದು?

ಮೊದಲನೆಯದಾಗಿ, ಮುಸ್ಲಿಂ ಕುಟುಂಬಗಳ ಬಗ್ಗೆ ಬರುವ ಸಂದೇಶವನ್ನು ಮುಂದಕ್ಕೆ ಕಳುಹಿಸುವ ಮೊದಲು ಇದು ಧರ್ಮದ ಬೋಧನೆಯೋ, ಹಳೆಯ ಕಾನೂನೋ, ಯಾರೋ ಒಬ್ಬರು ಮಾಡಿದ ತಪ್ಪೋ ಎಂದು ಕೇಳಿಕೊಳ್ಳೋಣ. ಉತ್ತರ ಗೊತ್ತಿಲ್ಲದಿದ್ದರೆ ಕಳುಹಿಸದಿರೋಣ.

ಎರಡನೆಯದಾಗಿ, ವರದಕ್ಷಿಣೆ, ಕುಡಿತ, ಮನೆಯೊಳಗಿನ ಹಿಂಸೆ ಇವು ಎಲ್ಲ ಸಮುದಾಯಗಳಲ್ಲೂ ಇವೆ. ನಮ್ಮ ಸ್ತ್ರೀ ಸಂಘಟನೆಗಳು ಊರಿನ ಮುಸ್ಲಿಂ ಮಹಿಳೆಯರೊಂದಿಗೆ ಸೇರಿ ಕಾನೂನು ಮಾಹಿತಿ ಶಿಬಿರ ನಡೆಸಬಹುದು. ತೊರೆಯಲ್ಪಟ್ಟ ಮಹಿಳೆ, ಆಕೆ ಯಾವ ಧರ್ಮದವಳೇ ಆಗಿರಲಿ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದೆಂಬ ಒಂದು ಮಾಹಿತಿಯೇ ಒಂದು ಸಂಸಾರವನ್ನು ಬೀದಿಗೆ ಬೀಳದಂತೆ ಉಳಿಸಬಲ್ಲದು.

ಮೂರನೆಯದಾಗಿ, ನೆರೆಮನೆಯ ನಿಕಾಹ್‌ಗೆ ಕರೆ ಬಂದಾಗ ಊಟ ಮಾಡಿ ಬರುವುದಕ್ಕಷ್ಟೇ ತೃಪ್ತರಾಗದೆ ಅಲ್ಲಿ ನಡೆಯುವುದರ ಅರ್ಥವನ್ನು ಹಿರಿಯರಲ್ಲಿ ಕೇಳೋಣ. ನಮ್ಮ ರೋಸ್‌ಗೆ, ಮದುವೆಗೆ ಅವರನ್ನು ಕರೆದಾಗ ನಮ್ಮ ಸಂಸ್ಕಾರದ ಅರ್ಥವನ್ನು ತಿಳಿಸೋಣ. ಭಿನ್ನಾಭಿಪ್ರಾಯವಿದ್ದಲ್ಲಿ ಅದನ್ನೂ ಗೌರವದಿಂದ ಹೇಳೋಣ. ಸತ್ಯವನ್ನು ಬಿಟ್ಟುಕೊಟ್ಟ ಸ್ನೇಹ ಹೆಚ್ಚು ಕಾಲ ಬಾಳದು. ಪ್ರೀತಿಯಿಲ್ಲದೆ ಆಡಿದ ಸತ್ಯ ಯಾರ ಮನೆಯೊಳಗೂ ಪ್ರವೇಶಿಸದು. ಕರಾವಳಿಯ ಇಂದಿನ ದಿನಗಳಲ್ಲಿ ನಮಗೆ ಎರಡೂ ಬೇಕಾಗಿವೆ.